ಡಿಪ್ಲೊಮಾ ಆದವನ ಮುಂದಿನ ಮೆಟ್ಟಿಲು ಎಲ್ಲಿದೆ?

ಕೊಪ್ಪಳದಿಂದ ಹೊಸಪೇಟೆ ಕಡೆ ಹೊರಟರೆ ಗಿಣಿಗೇರಾ ಸಿಗುತ್ತೆ. ಕಾರ್ಖಾನೆಗಳ ಚಿಮಣಿ ದೂರದಿಂದಲೇ ಕಾಣುತ್ತೆ. ಶಿಫ್ಟ್ ಬಿಡೋ ಹೊತ್ತಿಗೆ ಅಲ್ಲಿನ ಚಹಾದಂಗಡಿಯಲ್ಲಿ ನಿಂತರೆ ಒಂದು ವಿಷಯ ಗೊತ್ತಾಗುತ್ತೆ. ಆ ಗುಂಪಿನಲ್ಲಿ ಡಿಪ್ಲೊಮಾ ಓದಿದ ಹುಡುಗರು ಎಷ್ಟೊಂದು ಜನ ಇದ್ದಾರೆ!

ಅವರಲ್ಲೊಬ್ಬ ಕುಷ್ಟಗಿ ತಾಲ್ಲೂಕಿನವನು. ಮೆಕ್ಯಾನಿಕಲ್ ಡಿಪ್ಲೊಮಾ, ಎಂಟು ವರ್ಷದ ಅನುಭವ. ಅವನು ಹೇಳಿದ್ದು ಇಷ್ಟೇ: "ಸರ್, ಮಷಿನ್ ನಿಂತ್ರ ರಾತ್ರಿ ಎರಡಕ್ಕ ನನಗ ಫೋನ್ ಬರ್ತೈತ್ರಿ. ಆದ್ರ ಇಂಜಿನಿಯರ್ ಪೋಸ್ಟ್ ಖಾಲಿ ಆತಂದ್ರ ಹೊರಗಿಂದ ಬಿಇ ಆದವ್ರು ಬರ್ತಾರ್ರಿ. ಅವ್ರಿಗೆ ಕೆಲಸ ಕಲಸಾಂವ ನಾನ ಅದೀನ್ರಿ."

ನಾನೂ ಇಂಜಿನಿಯರಿಂಗ್ ಓದಿದವನೇ. ಆ ಮಾತು ನನಗೇ ಚುಚ್ಚಿತು. ಹೀಗಾಗಿ ಇವತ್ತು ರಾಜಕೀಯ ಬೇಡ. ಡಿಪ್ಲೊಮಾ ಆದವರಿಗೆ ಪದವಿಯ ದಾರಿ ಯಾವುದು, ಎಲ್ಲಿ ಮೋಸ ಹೋಗಬಾರದು, ಸರ್ಕಾರ ಏನು ಮಾಡಬೇಕು ಅನ್ನೋದನ್ನ ಮಾತಾಡೋಣ.

ಮೊದಲು ಒಂದು ಸಣ್ಣ ಲೆಕ್ಕ. ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಬಿಇ. ಒಟ್ಟು ಆರು. ಅದೇ ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ ಡಿಪ್ಲೊಮಾ ಮಾಡಿ, ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಿ ಮೂರು ವರ್ಷ ಓದಿದರೆ? ಅದೂ ಆರೇ. ಅಂದರೆ ಡಿಪ್ಲೊಮಾ ಓದಿದವನಿಗೆ ಒಂದು ವರ್ಷವೂ ನಷ್ಟ ಇಲ್ಲ. ಇದನ್ನೇ ಲ್ಯಾಟರಲ್ ಎಂಟ್ರಿ ಅನ್ನೋದು. ಇದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆಯಬೇಕು. ಡಿಪ್ಲೊಮಾದಲ್ಲಿ ಶೇ. 45 ಅಂಕ ಬೇಕು, ಮೀಸಲಾತಿ ಇದ್ದವರಿಗೆ ಶೇ. 40 ಸಾಕು. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ. 10 ಸೀಟು ಇವರಿಗೆ. 60 ಸೀಟಿನ ವಿಭಾಗ ಅಂದರೆ 6 ಸೀಟು. ಮೊದಲ ವರ್ಷದಲ್ಲಿ ಖಾಲಿ ಉಳಿದ ಸೀಟುಗಳೂ ಇವರಿಗೇ ಸಿಗುತ್ತವೆ.

ಕೊಪ್ಪಳ ಜಿಲ್ಲೆಯವರಿಗೆ ಇನ್ನೊಂದು ಬಲ ಇದೆ. ಸಂವಿಧಾನದ 371ಜೆ ವಿಧಿ. 2012ರ 98ನೇ ತಿದ್ದುಪಡಿಯಿಂದ ಬಂದದ್ದು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ. 8. ಸೀಟು ಹಂಚಿಕೆ ಶುರುವಾದ ಮೇಲೆ ಸರ್ಟಿಫಿಕೇಟಿಗೆ ಓಡಾಡಬೇಡಿ. ಈಗಲೇ ಮಾಡಿಸಿ ಇಟ್ಟುಕೊಳ್ಳಿ.

ಸೇರಿದ ಮೇಲೆ ಏನಾಗುತ್ತೆ? ನನ್ನ ಕ್ಲಾಸಲ್ಲೇ ನೋಡಿದ್ದೀನಿ. ಮೂರನೇ ಸೆಮಿಸ್ಟರಿಗೆ ಬಂದ ಡಿಪ್ಲೊಮಾ ಹುಡುಗರು ಲ್ಯಾಬಲ್ಲಿ ಹುಲಿಗಳು. ನಾವು ಮೋಟಾರನ್ನ ಪುಸ್ತಕದಲ್ಲಿ ನೋಡಿದ್ದೆವು, ಅವರು ಬಿಚ್ಚಿ ಜೋಡಿಸಿದ್ದರು. ಆದರೆ ಗಣಿತದ ಕ್ಲಾಸಲ್ಲಿ ಹಿಂದಿನ ಬೆಂಚಿಗೆ ಹೋಗಿಬಿಡುತ್ತಿದ್ದರು. ವಿಟಿಯು ಇವರಿಗೆ ಅಂತಲೇ ಹೆಚ್ಚುವರಿ ಗಣಿತದ ಪತ್ರಿಕೆ ಇಟ್ಟಿದೆ. ಅದನ್ನ ಹಗುರವಾಗಿ ತಗೊಂಡವರು ಕೊನೆಯವರೆಗೂ ಅದನ್ನೇ ಎಳೆದಾಡಿದ್ದನ್ನೂ ನೋಡಿದ್ದೀನಿ. ಡಿಸಿಇಟಿ ಬರೆಯೋರು ಕ್ಯಾಲ್ಕುಲಸ್ ಪುಸ್ತಕವನ್ನ ರಜೆಯಲ್ಲೇ ತೆಗೆಯಿರಿ.

ಸರಿ, ಇದು ಈಗ ತಾನೇ ಡಿಪ್ಲೊಮಾ ಮುಗಿಸಿದವರ ದಾರಿ. ಗಿಣಿಗೇರಾದ ಆ ಹುಡುಗನ ಕಥೆ ಏನು? ಅವನಿಗೆ ಹೆಂಡತಿ, ಮಗು, ಊರಲ್ಲಿ ಅಪ್ಪ-ಅವ್ವ. ಮೂರು ವರ್ಷ ಸಂಬಳ ಬಿಟ್ಟು ಹಗಲು ಕಾಲೇಜಿಗೆ ಹೋಗು ಅಂದರೆ ಮನೆ ನಡೆಸೋರು ಯಾರು?

ಇಂಥವರ ಕಡುಬಯಕೆಯನ್ನೇ ಹಿಡಿದು ವ್ಯಾಪಾರ ಮಾಡೋರಿದ್ದಾರೆ. 'ಕೆಲಸ ಬಿಡಬೇಡಿ, ಮನೆಯಲ್ಲೇ ಕೂತು ಬಿಟೆಕ್ ಮಾಡಿ' ಅನ್ನೋ ಜಾಹೀರಾತು ನೀವೂ ನೋಡಿರ್ತೀರಿ. ದಯವಿಟ್ಟು ಕೇಳಿ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಒಪ್ಪಿಗೆ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಇಂಜಿನಿಯರಿಂಗ್ ಪದವಿಗೆ ಮಾನ್ಯತೆ ಇಲ್ಲ. ಆ ತೀರ್ಪಿನಿಂದ ಕೈಯಲ್ಲಿದ್ದ ಪದವಿ ಕಳಕೊಂಡವರು, ಮತ್ತೆ ಪರೀಕ್ಷೆ ಬರೆಯಬೇಕಾಗಿ ಬಂದವರು ದೇಶದ ತುಂಬ ಇದ್ದಾರೆ. ಕಟ್ಟಿದ ಫೀಸು ಹೋಯ್ತು, ವರ್ಷಗಳೂ ಹೋದವು.

ಹಿಂದೆ ಎಎಂಐಇ ಅಂತ ಒಂದು ಗೌರವದ ದಾರಿ ಇತ್ತು. ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಪರೀಕ್ಷೆ. ಕೆಲಸ ಮಾಡ್ತಾ, ಲಾಟೀನು ಬೆಳಕಲ್ಲಿ ಓದಿ ಪಾಸಾದ ಹಿರಿಯರು ಎಷ್ಟೋ ಜನ. ಆದರೆ 2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಅದು ಬಿಇಗೆ ಸಮ ಅಂತ ಕೇಂದ್ರ ಸರ್ಕಾರ ಹೇಳಿತು. ಆ ಬಾಗಿಲೂ ಮುಚ್ಚಿತು.

ಈಗ ತೆರೆದಿರೋದು ಎರಡು ಬಾಗಿಲು. ಒಂದು, ಉದ್ಯೋಗಸ್ಥರ ಬಿಇ. 2023-24ರಿಂದ ಎಐಸಿಟಿಇ ಇದಕ್ಕೆ ಅವಕಾಶ ಕೊಟ್ಟಿದೆ. ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು, ತರಗತಿಯ ಸಮಯವನ್ನ ಕೆಲಸಕ್ಕೆ ಹೊಂದಿಸಿಕೊಡ್ತಾರೆ. ಪದವಿ ಮಾಮೂಲಿ ಬಿಇಯೇ. ಆದರೆ ಕಾಲೇಜು ಇದಕ್ಕೆ ಪ್ರತ್ಯೇಕ ಒಪ್ಪಿಗೆ ಪಡೆದಿರಬೇಕು. ಫೀಸು ಕಟ್ಟುವ ಮೊದಲು ಆ ಒಪ್ಪಿಗೆ ಪತ್ರ ತೋರಿಸಿ ಅಂತ ಕೇಳಿ. ನಾಚಿಕೆ ಬೇಡ.

ಎರಡು, ಇಂಜಿನಿಯರಿಂಗ್ ಅಲ್ಲದ ಪದವಿ. ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಬಿಎ, ಬಿಕಾಂ ಮಾಡಿ ಮುಂದೆ ಎಂಬಿಎ ಓದಬಹುದು. ಮೂರು ವರ್ಷದ ಡಿಪ್ಲೊಮಾವನ್ನ ಪಿಯುಸಿಗೆ ಸಮ ಅಂತ ಒಪ್ಪುತ್ತಾರಾ ಅನ್ನೋದನ್ನ ಪ್ರಾಸ್ಪೆಕ್ಟಸ್‌ನಲ್ಲಿ ಓದಿಯೇ ಸೇರಿ. ಯುಜಿಸಿ ಮಾನ್ಯತೆ ಆ ವರ್ಷಕ್ಕೆ ಇದೆಯಾ ಅಂತಲೂ ನೋಡಿ. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವೇ 2013-14ರಿಂದ ಮಾನ್ಯತೆ ಕಳಕೊಂಡು 2018ರಲ್ಲಿ ಮರಳಿ ಪಡೆದದ್ದು ನೆನಪಿರಲಿ. ಇನ್ನೊಂದು ಮಾತು. ಬಿಬಿಎ ಆದರೆ ಮ್ಯಾನೇಜರ್ ಆಗಬಹುದು, ಲೋಕೋಪಯೋಗಿ ಇಲಾಖೆಯ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕೋಕೆ ಆಗಲ್ಲ. ಅದಕ್ಕೆ ಬಿಇಯೇ ಬೇಕು. ಡಿಪ್ಲೊಮಾಗೆ ಸಿಗೋದು ಜೂನಿಯರ್ ಇಂಜಿನಿಯರ್. ನಿಮ್ಮ ಗುರಿ ಯಾವುದು ಅಂತ ಮೊದಲು ತೀರ್ಮಾನಿಸಿ.

ಈಗ ಅಸಲಿ ಪ್ರಶ್ನೆಗೆ ಬರ್ತೀನಿ. ಅಮೆರಿಕದಲ್ಲಿ ಎರಡು ವರ್ಷದ ತಾಂತ್ರಿಕ ಅಸೋಸಿಯೇಟ್ ಪದವಿ ಆದವರಿಗೆ 'ಟೆಕ್ನಾಲಜಿ ಮ್ಯಾನೇಜ್‌ಮೆಂಟ್' ಅನ್ನೋ ಪದವಿ ಕೊಡುವ ವಿಶ್ವವಿದ್ಯಾಲಯಗಳಿವೆ. ಮೊದಲು ಓದಿದ ತಾಂತ್ರಿಕ ವಿಷಯಗಳನ್ನ ಲೆಕ್ಕಕ್ಕೆ ಹಿಡಿಯುತ್ತಾರೆ. ಅದರ ಮೇಲೆ ಖರ್ಚು-ವೆಚ್ಚದ ಲೆಕ್ಕ, ಜನರನ್ನ ಕೆಲಸಕ್ಕೆ ಹಚ್ಚೋದು, ಗುಣಮಟ್ಟ, ಸುರಕ್ಷತೆ, ಯೋಜನೆ ಕಲಿಸುತ್ತಾರೆ. ಮೆಕ್ಯಾನಿಕ್ ಸೂಪರ್‌ವೈಸರ್ ಆಗ್ತಾನೆ, ಸೂಪರ್‌ವೈಸರ್ ಮ್ಯಾನೇಜರ್ ಆಗ್ತಾನೆ. ನಮ್ಮಲ್ಲೂ ಇಂಥದ್ದು ಇರಲಿಲ್ಲ ಅಂತಲ್ಲ. ಇಗ್ನೋ ಒಂದು ಕಾಲಕ್ಕೆ ಕೆಲಸದಲ್ಲಿದ್ದ ಡಿಪ್ಲೊಮಾದವರಿಗೆ ಅಂತಲೇ ಸಿವಿಲ್‌ನಲ್ಲಿ, ನಿರ್ಮಾಣ ನಿರ್ವಹಣೆಯ ಬಿಟೆಕ್ ನಡೆಸಿತ್ತು. ಅದು ನಿಂತುಹೋಯಿತು.

ಕೊಪ್ಪಳದಲ್ಲಿ ಇದಕ್ಕೆ ಏನು ಕಮ್ಮಿ? ಗಿಣಿಗೇರಾದಲ್ಲಿ ಉಕ್ಕು, ಗಂಗಾವತಿಯಲ್ಲಿ ಅಕ್ಕಿ ಗಿರಣಿ, ಕುಷ್ಟಗಿ-ಯಲಬುರ್ಗಾ ಬಯಲಲ್ಲಿ ಗಾಳಿಯಂತ್ರ, ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್. ತಳಕಲ್‌ನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಕಟ್ಟಡ ಇದೆ. ಭಾನುವಾರ ಅದರ ಲ್ಯಾಬಿಗೆ ಬೀಗ. ಅದೇ ಭಾನುವಾರ, ಅದೇ ಬೀಗ ತೆಗೆದು ಕಾರ್ಖಾನೆಯ ಹುಡುಗರಿಗೆ ತರಗತಿ ನಡೆಸೋಕೆ ಏನಡ್ಡಿ? ಆದರೆ ಒಂದು ಷರತ್ತು. ಬರೀ 'ಸಂಜೆ ತರಗತಿ' ಅಂದರೆ ಆಗಲ್ಲ. ಮಧ್ಯಾಹ್ನ ಎರಡಕ್ಕೆ ಒಳಗೆ ಹೋಗಿ ರಾತ್ರಿ ಹತ್ತಕ್ಕೆ ಹೊರಗೆ ಬರುವವನಿಗೆ ಸಂಜೆ ಅನ್ನೋದೇ ಇಲ್ಲ. ವೇಳಾಪಟ್ಟಿಯನ್ನ ಬೆಂಗಳೂರಿನ ಗಡಿಯಾರ ನೋಡಿ ಮಾಡಬೇಡಿ, ಗಿಣಿಗೇರಾದ ಶಿಫ್ಟ್ ನೋಡಿ ಮಾಡಿ. ಕಾರ್ಖಾನೆಗಳೂ ಅಷ್ಟೆ. ಓದುವವನಿಗೆ ಶಿಫ್ಟ್ ಹೊಂದಿಸಿಕೊಡಲಿ.

ಆ ಹುಡುಗನಿಗೆ ನಾನು ಒಂದು ಮಾತು ಕೇಳಿದೆ: ಕಾಲೇಜು ಹತ್ತಿರ ಇದ್ದಿದ್ದರೆ ಓದ್ತಿದ್ದೆಯಾ ತಮ್ಮಾ?

"ನಾಳೆನ ಶುರು ಮಾಡ್ತಿದ್ನ್ರಿ ಸರ್. ನನ್ನ ಮಗಳು ಒಂದನೇತ್ತ ಅದಾಳ. ಇಬ್ರೂ ಕೂಡೇ ಓದ್ತಿದ್ವಿ."

ಅವನ ಚಹಾ ಮುಗಿದಿತ್ತು. ಸೈರನ್ ಕೂಗಿತು. ಓಡಿದ.