ಗುಜರಿ ಸಾಮಾನಿನಿಂದ ಡ್ರ್ಯಾಗ್ ರೇಸ್ ಕಾರು: ಓಡಿಸೋದಕ್ಕಿಂತ ಮೊದಲು ನಿಲ್ಲಿಸೋದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ಮಂಠಾಳದವನು. ಬಸವಕಲ್ಯಾಣ ತಾಲ್ಲೂಕಿನ ಈ ಊರಲ್ಲಿ ಟ್ರ್ಯಾಕ್ಟರ್, ಹಳೇ ಕಾರು ರಿಪೇರಿ ಮಾಡೋದು ನನ್ನ ಹೊಟ್ಟೆಪಾಡು. ಎರಡು ವರ್ಷದಿಂದ ನನ್ನ ಗ್ಯಾರೇಜಿನ ಹಿಂದೆ ಒಂದು ಹಳೇ ಮಾರುತಿ ಝೆನ್ ನಿಂತಿದೆ. ಅದಕ್ಕೆ ಹಿಂದಿನ ಸೀಟಿಲ್ಲ, ಎಸಿ ಇಲ್ಲ, ಬಾಗಿಲ ಒಳಗಿನ ಹೊದಿಕೆ ಇಲ್ಲ. ಬಂದವರೆಲ್ಲ, "ಇದೇನ್ರಿ, ಗುಜರಿಗೆ ಹಾಕ್ಲಕ್ಕ ಇಟ್ಟೀರೇನು?" ಅಂತ ಕೇಳ್ತಾರೆ. ಗುಜರಿಗೆ ಹೋಗೋ ಗಾಡಿ ಅಲ್ಲ ಅದು, ಅರ್ಧಕ್ಕರ್ಧ ಗುಜರಿಯಿಂದ ಬಂದದ್ದು. ನಾವು ಕಟ್ಟುತ್ತಿರುವ ಡ್ರ್ಯಾಗ್ ರೇಸ್ ಕಾರು.

ಕಡಿಮೆ ದುಡ್ಡಲ್ಲಿ ಇಂಥ ಕಾರು ಹೇಗೆ ಕಟ್ಟೋದು, ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲೇಬಾರದು ಅನ್ನೋದನ್ನ ಇವತ್ತು ಹೇಳ್ತೀನಿ. ಉಳಿಸಬಾರದ ಕಡೆ ಉಳಿಸಲು ಹೋಗಿ ನಾನೇ ಒಂದು ಸಲ ಸಿಕ್ಕಿಬಿದ್ದೆ. ಅದನ್ನೂ ಮುಚ್ಚಿಡೋದಿಲ್ಲ.

402 ಮೀಟರಿನ ಆಟ

ಡ್ರ್ಯಾಗ್ ರೇಸ್ ಅಂದ್ರೆ ನೇರ ದಾರಿಯಲ್ಲಿ, ನಿಂತ ಜಾಗದಿಂದ ಹೊರಟು, ಕಾಲು ಮೈಲಿ ಅಂದರೆ 402 ಮೀಟರ್ ದಾಟೋದು. ತಿರುವು ಇಲ್ಲ. ಅಮೆರಿಕದಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಹಳೇ ಕಾರುಗಳನ್ನ ಕಿತ್ತು ಜೋಡಿಸೋ ಹುಡುಗರಿಂದ ಇದು ಬೆಳೆಯಿತು. ಬೀದಿಯಲ್ಲಿ ಓಡಿಸಿ ಸಾಯೋದು ಬೇಡ ಅಂತ 1950ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ವಿಮಾನ ನಿಲ್ದಾಣದ ರನ್‌ವೇ ಮೇಲೆ ಪಂದ್ಯ ಶುರುವಾದವು. 1951ರಲ್ಲಿ ವಾಲಿ ಪಾರ್ಕ್ಸ್ ಅನ್ನೋರು ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿ ನಿಯಮ ತಂದರು.

ನಮ್ಮ ದೇಶದಲ್ಲೂ ಕಥೆ ಹೆಚ್ಚು ಬೇರೆ ಇಲ್ಲ. ಚೆನ್ನೈ ಹತ್ತಿರದ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನಪಟ್ಟಿಯ ಮೇಲೇ ವರ್ಷಾನುಗಟ್ಟಲೆ ಮೋಟಾರು ರೇಸ್ ನಡೆದವು. ಆಮೇಲೆ ಇರುಂಗಾಟ್ಟುಕೋಟೈನಲ್ಲಿ ಸರಿಯಾದ ಟ್ರ್ಯಾಕ್ ಬಂತು. ಈಗ ರಾಷ್ಟ್ರೀಯ ಡ್ರ್ಯಾಗ್ ಪಂದ್ಯಗಳೂ ಅಲ್ಲಿ ನಡೆಯುತ್ತವೆ. ಬೈಕ್ ವಿಭಾಗದಲ್ಲಿ ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದಾರೆ. ನಮ್ಮ ಜಿಲ್ಲೆಯಲ್ಲೂ ರನ್‌ವೇ ಅದ, ಬೀದರ್ ವಾಯುಪಡೆ ನೆಲೆಯಲ್ಲಿ. ಅಲ್ಲಿ ವಿಮಾನಕ್ಕಷ್ಟೇ ಜಾಗ, ನನ್ನ ಝೆನ್‌ಗೆ ಇಲ್ಲ.

ತೂಕ ಇಳಿಸೋದು ಪುಕ್ಕಟೆ

ಮೊದಲು ಲೆಕ್ಕ. ರೇಸಿನವರು ಬಳಸೋ ಒಂದು ಅಂದಾಜು ಸೂತ್ರ ಇದೆ. ಡ್ರೈವರ್ ಸೇರಿ ಗಾಡಿಯ ಒಟ್ಟು ತೂಕವನ್ನು ಕೆ.ಜಿ.ಯಲ್ಲಿ ಹಿಡಿದು ಹಾರ್ಸ್‌ಪವರ್‌ನಿಂದ ಭಾಗಿಸಿ. ಬಂದ ಸಂಖ್ಯೆಯ ಘನಮೂಲ ತೆಗೆದು 7.6ರಿಂದ ಗುಣಿಸಿ. ಕಾಲು ಮೈಲಿಗೆ ಹಿಡಿಯೋ ಸೆಕೆಂಡು ಹೆಚ್ಚುಕಡಿಮೆ ಅಷ್ಟು.

1993ರಲ್ಲಿ ಬಂದ ಹಳೇ ಕಾರ್ಬ್ಯುರೇಟರ್ ಝೆನ್ 993 ಸಿಸಿ, ಸುಮಾರು 50 ಹಾರ್ಸ್‌ಪವರ್. ತೂಕ 730 ಕೆ.ಜಿ. ಆಸುಪಾಸು, ನಾನು 70. ಒಟ್ಟು 800. ಭಾಗಿಸಿದರೆ 16, ಅದರ ಘನಮೂಲ 2.52. ಸಮಯ 19 ಸೆಕೆಂಡಿಗೆ ಸ್ವಲ್ಪ ಮೇಲೆ.

ಈಗ ಸ್ಪ್ಯಾನರ್ ಹಿಡಿಯಿರಿ. ಹಿಂದಿನ ಸೀಟು, ಸ್ಟೆಪ್ನಿ, ಜಾಕ್, ಎಸಿ ಕಂಪ್ರೆಸರ್, ಕಂಡೆನ್ಸರ್, ಕಾರ್ಪೆಟ್, ಸ್ಪೀಕರ್, ಬಾಗಿಲ ಹೊದಿಕೆ. ನಾವು ಕಳಚಿದ ಸಾಮಾನನ್ನೆಲ್ಲ ಜೋಳ ತೂಗೋ ಕಾಂಟಾ ಮೇಲಿಟ್ಟು ನೋಡಿದೆವು, 80 ಕೆ.ಜಿ. ಆಯ್ತು. ಒಟ್ಟು ತೂಕ 720ಕ್ಕೆ ಇಳೀತು, ಸಮಯ 18.5ಕ್ಕೆ. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಸೆಕೆಂಡಿಗೂ ಹೆಚ್ಚು ಉಳಿತಾಯ! ಕಳಚಿದ ಎಸಿ ಸಾಮಾನು ಮಾರಿದ್ದರಿಂದ ಕ್ಲಚ್ ಪ್ಲೇಟಿನ ದುಡ್ಡೂ ಹುಟ್ಟಿತು. ಹೊಸಬರು ಮಾಡೋ ಮೊದಲ ತಪ್ಪು ಇಲ್ಲೇ: ತೂಕ ಮುಟ್ಟದೆ ನೇರವಾಗಿ ಎಂಜಿನ್ ಹುಡುಕಲು ಹೋಗ್ತಾರೆ.

ಎಂಜಿನ್ ತಂದ್ರೆ ಸಂಸಾರ ಸಮೇತ ತನ್ನಿ

ಬಸವಕಲ್ಯಾಣದ ಕಡೆಯವರಿಗೆ ಇದು ಗೊತ್ತಿರೋದೇ. ಸಸ್ತಾಪುರ ಬಂಗ್ಲಾದಿಂದ ಹುಮನಾಬಾದ್‌ವರೆಗೆ ಹೈವೇ ಉದ್ದಕ್ಕೂ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಲೇತು. ಲಾರಿಯ ಆಕ್ಸಲ್ ಮುರಿದ್ರೆ ಸಂಜೆಯೊಳಗೆ ನಿಲ್ಲಿಸಿ ಕೊಡೋ ವಸ್ತಾದಿಗಳು ಇಲ್ಲಿದ್ದಾರೆ. ಹಳೇ ಸಾಮಾನು ಸಿಗೋದು ಕಷ್ಟ ಇಲ್ಲ. ಸರಿಯಾದ್ದು ಸಿಗೋದು ಕಷ್ಟ.

ಝೆನ್‌ಗೆ ನಾವು ಆರಿಸಿದ್ದು ಮಾರುತಿ ಎಸ್ಟೀಮ್‌ನ 1298 ಸಿಸಿ, 16 ವಾಲ್ವಿನ ಎಂಪಿಎಫ್‌ಐ ಎಂಜಿನ್. 85 ಹಾರ್ಸ್‌ಪವರ್. ಎರಡೂ ಸುಜುಕಿಯ ಒಂದೇ 'ಜಿ' ಮನೆತನದ ಎಂಜಿನ್‌ಗಳು. ಹಾಗಾಗಿ ಕೂರಿಸೋದು ಸುಲಭ, ಮೌಂಟಿಂಗ್ ಸಿಗುತ್ತೆ, ಬಿಡಿಭಾಗವೂ ಅಗ್ಗ. ನಮ್ಮ ದೇಶದಲ್ಲಿ ಈ ಅದಲುಬದಲು ಬಹಳ ಜನ ಮಾಡಿದ್ದಾರೆ.

ಆದರೆ ಬರೀ ಎಂಜಿನ್ ತರಬೇಡಿ. ಅದರ ಗೇರ್‌ಬಾಕ್ಸ್, ಇಸಿಎಂ, ಪೂರ್ತಿ ವೈರಿಂಗ್, ಸೆನ್ಸರ್‌ಗಳು, ಫ್ಯೂಯೆಲ್ ಪಂಪ್ ಎಲ್ಲ ಒಂದೇ ಗಾಡಿಯಿಂದ ಬರಲಿ. ಕಾರ್ಬ್ಯುರೇಟರ್ ಗಾಡಿಯ ಪಂಪು ಬಹಳ ಕಡಿಮೆ ಒತ್ತಡದ್ದು, ಇಂಜೆಕ್ಟರ್‌ಗೆ ಅದು ಸಾಲೋದಿಲ್ಲ. ಪಂಪ್ ಬದಲಾದ್ರೆ ಪೆಟ್ರೋಲ್ ಪೈಪೂ ಬದಲಾಗಬೇಕು, ಹಳೇ ರಬ್ಬರ್ ಪೈಪು ಆ ಒತ್ತಡಕ್ಕೆ ಸೀಳುತ್ತೆ. ವೈರಿಂಗ್ ತುಂಡು ತುಂಡಾಗಿ ತಂದ್ರೆ ಎಂಜಿನ್ ಕೂರಿಸೋಕೆ ಎರಡು ದಿನ, ಸ್ಟಾರ್ಟ್ ಮಾಡೋಕೆ ಎರಡು ತಿಂಗಳು. ನಮಗೆ ಆದದ್ದು ಅದೇ. ಆಕ್ಸಲ್ ಶಾಫ್ಟಿನ ಉದ್ದವನ್ನೂ ಅಳೆದೇ ಹಾಕಿ, ಕಣ್ಣಂದಾಜು ಬೇಡ.

ಕೊಳ್ಳೋ ಮೊದಲು ಕಂಪ್ರೆಶನ್ ಪರೀಕ್ಷೆ ಮಾಡಿಸಿ. ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇರಬೇಕು. ಆಯಿಲ್ ಮುಚ್ಚಳ ತೆಗೆದು ನೋಡಿ, ಒಳಗೆ ಹಾಲಿನಂಥ ಕೆನೆ ಕಂಡ್ರೆ ನೀರು ಸೇರಿರೋ ಸಾಧ್ಯತೆ ಹೆಚ್ಚು. ಅದನ್ನ ಬಿಟ್ಟು ಬನ್ನಿ. ಟೈಮಿಂಗ್ ಬೆಲ್ಟು, ವಾಟರ್ ಪಂಪು, ಆಯಿಲ್ ಸೀಲು ಮಾತ್ರ ಹೊಸವು ಹಾಕಿ.

ಮೊದಲ 18 ಮೀಟರ್

ಪಂದ್ಯ ಗೆಲ್ಲೋದು ಕೊನೆಯಲ್ಲಲ್ಲ, ಹೊರಡುವಾಗ. ರೇಸಿನವರು ಮೊದಲ 60 ಅಡಿಯನ್ನ, ಅಂದರೆ 18.3 ಮೀಟರನ್ನ ಬೇರೆಯಾಗಿ ಅಳೀತಾರೆ. ಅಲ್ಲಿ 0.1 ಸೆಕೆಂಡು ಉಳಿಸಿದರೆ ಕೊನೆಗೆ 0.15ರಿಂದ 0.2ರವರೆಗೆ ಸಿಗುತ್ತೆ ಅನ್ನೋದು ಅವರ ಲೆಕ್ಕ.

ಝೆನ್‌ಗೆ ಮುಂದಿನ ಗಾಲಿಗಳೇ ಎಳೆಯೋದು. ಜೋರಾಗಿ ಹೊರಟಾಗ ಮೂಗು ಮೇಲೇಳುತ್ತೆ, ಭಾರ ಹಿಂದಕ್ಕೆ ಹೋಗುತ್ತೆ, ಎಳೆಯೋ ಗಾಲಿಗೆ ಹಿಡಿತ ತಪ್ಪಿ ಸುಮ್ಮನೆ ಸುತ್ತುತ್ತೆ. ಎತ್ತಿನ ಬಂಡಿಗೆ ಹಿಂದೆ ಭಾರ ಜಾಸ್ತಿ ಹಾಕಿದ್ರೆ ನೊಗ ಮೇಲೇಳುತ್ತಲ್ಲ, ಹಂಗೇ. ಅದಕ್ಕೆ ಬ್ಯಾಟರಿಯನ್ನ ಮುಂದೆಯೇ ಬಿಟ್ಟೆವು. ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿ ಕುಕ್ಕರಿಸೋದನ್ನ ತಡೆದೆವು. ಮುಂದಿನ ಟೈರು ಹೊಸ ಮೆತ್ತನೆ ರಬ್ಬರಿನವು, ಹಿಂದಿನವು ಸಣ್ಣವು.

ಅಳೆಯೋಕೆ ದುಬಾರಿ ಯಂತ್ರ ಬೇಡ. ನೆಲದ ಮೇಲೆ ಎರಡು ಸುಣ್ಣದ ಗೆರೆ, ಪಕ್ಕದಲ್ಲಿ ಸ್ಲೋ ಮೋಷನ್ ವಿಡಿಯೋ ಹಿಡಿಯೋ ಫೋನು. ಸೆಕೆಂಡಿಗೆ 120 ಚಿತ್ರ ಅಂದ್ರೆ ಚಿತ್ರ ಎಣಿಸಿದರೆ ಸಮಯ ಸಿಕ್ತು. ಇಡೀ 402 ಮೀಟರ್ ಓಡಿಸದೇ ಅರ್ಧ ಕಾರು ಇಲ್ಲೇ ಸುಧಾರಿಸಬಹುದು. ಸಂಬಂಧಿಕರೊಬ್ಬರ ಬೇಳೆ ಗಿರಣಿಯ ಕಾಂಕ್ರೀಟ್ ಅಂಗಳ, ಸುಮಾರು 80 ಮೀಟರ್ ಉದ್ದ. ಭಾನುವಾರ ಗೇಟು ಹಾಕಿ, ಅವರ ಒಪ್ಪಿಗೆ ತಗೊಂಡು ಅಲ್ಲೇ ಪರೀಕ್ಷೆ ಮಾಡ್ತಿದ್ವಿ. ಮೊದಲ ದಿನ 3 ಸೆಕೆಂಡಿಗಿಂತ ಮೇಲೆ ಇದ್ದದ್ದು ಕೆಲವು ವಾರದಲ್ಲಿ 2.7ಕ್ಕೆ ಬಂತು. ತಲೆಗೆ ಗಾಳಿ ಹೊಕ್ಕಿತು.

ಆ ಭಾನುವಾರ

ಅವತ್ತು ಗಾಡಿ ಓಡಿಸ್ತಿದ್ದವನು ನನ್ನ ಬಾಲ್ಯದ ಗೆಳೆಯ. ಮೂರನೇ ಸಲ ಗೆರೆ ದಾಟಿ ಬ್ರೇಕ್ ಒತ್ತಿದ. ಪೆಡಲ್ ಅರ್ಧಕ್ಕಿಂತ ಕೆಳಗಿಳೀತು, ಗಾಡಿ ಎಡಕ್ಕೆ ಎಳೀತು. ಮುಂದಿನ ಬಲಗಾಲಿಯ ಬ್ರೇಕ್ ಹೋಸ್ ಸೀಳಿತ್ತು. ಹ್ಯಾಂಡ್ ಬ್ರೇಕ್ ಎಳೆದ. ಗಾಡಿ ತಿರುಗಿ ಗೋಣಿಚೀಲದ ಅಟ್ಟಿಗೆ ಬಡಿಯಿತು. ಸ್ಟೇರಿಂಗ್ ತಿರುಗಿ ಹೊಡೆದ ಏಟಿಗೆ ಅವನ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ಅದು ಸೋಯಾ ರಾಶಿಯ ಹೊತ್ತು, ಮನೆಯಲ್ಲಿ ದುಡಿಯೋ ಕೈ ಅವನದ್ದೊಂದೇ.

ಆ ಹೋಸ್ ಎಲ್ಲಿಂದ ಬಂದದ್ದು? ಬೇರೆ ಹಳೇ ಗಾಡಿಯಿಂದ ನಾನೇ ಬಿಚ್ಚಿ ಹಾಕಿದ್ದು. ಮೇಲೆ ಚೆನ್ನಾಗೇ ಕಾಣ್ತಿತ್ತು. ರಬ್ಬರ್ ವಯಸ್ಸಾದ್ರೆ ಒಳಗಿಂದ ಸಾಯುತ್ತೆ, ಅದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಗಿರಾಕಿ ಗಾಡಿಯಾಗಿದ್ರೆ ಹೊಸದೇ ಹಾಕ್ತಿದ್ದೆ. ನಮ್ಮದು ಅಂತ ಕೆಲವು ನೂರು ರೂಪಾಯಿ ಉಳಿಸಿದ್ದೆ.

ಇನ್ನೊಂದು ಮಾತು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಅವತ್ತು ರಾತ್ರಿ ನಾವು ಹೈವೇಗೆ ಹೋಗೋದಂತ ಮಾತಾಡಿಕೊಂಡಿದ್ವಿ. 65ನೇ ನಂಬರ್ ಹೆದ್ದಾರಿ, ರಾತ್ರಿ ಎರಡು ಗಂಟೆ, ಒಂದೇ ಒಂದು ಪೂರ್ತಿ ಓಟ. ಅಂಗಳದಲ್ಲಿ ಗಾಡಿಯ ವೇಗ ಸುಮಾರು 50. ಹೈವೇಯಲ್ಲಿ 402 ಮೀಟರ್ ಮುಗಿಯೋ ಹೊತ್ತಿಗೆ 140ರ ಹತ್ತಿರ ಇರ್ತಿತ್ತು. ಆ ವೇಗದಲ್ಲಿ ಒಳ್ಳೇ ಬ್ರೇಕಿದ್ದರೂ, ಕಾಲು ಪೆಡಲ್‌ಗೆ ಹೋಗೋ ಒಂದು ಸೆಕೆಂಡು ಸೇರಿಸಿದರೆ, ನಿಲ್ಲೋಕೆ 150 ಮೀಟರ್ ಬೇಕು. ಮುಂದೆ ಹಿಂದಿನ ದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಇದ್ದಿದ್ದರೆ?

ನಮ್ಮಪ್ಪ ಮೂವತ್ತು ವರ್ಷ ಮುಂಬೈ ಲೈನ್ ಲಾರಿ ಓಡಿಸಿದವರು. ಆಸ್ಪತ್ರೆಯಿಂದ ಬಂದ ಮೇಲೆ ಗ್ಯಾರೇಜಿಗೆ ಬಂದು ಆ ಹೋಸ್ ಕೈಯಲ್ಲಿ ಹಿಡಿದು ಮಡಚಿ ನೋಡಿದ್ರು. ಬೈಲಿಲ್ಲ. "ಓಡ್ಸೋದು ಎಂಜಿನ್ ನೋಡ್ಕೋತದ. ನಿಲ್ಸೋದು ನೀ ನೋಡ್ಬೇಕಾಗ್ತದ. ಪರರ ಮಗನ ಕೂಡ್ಸಿದಿ ನೀ ಅದ್ರಾಗ" ಅಂದ್ರು. ಹೈವೇ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನೂ ಕೇಳಲಿಲ್ಲ.

ಹೊಸದೇ ಬೇಕಾದ ಸಾಮಾನು

ಆಮೇಲೆ ಗ್ಯಾರೇಜ್ ಗೋಡೆ ಮೇಲೆ ಬಣ್ಣದಲ್ಲಿ ಎರಡು ಪಟ್ಟಿ ಬರೆದೆ. ಹಳೇದು ನಡೆಯುತ್ತೆ: ಎಂಜಿನ್ ಬ್ಲಾಕು, ಗೇರ್‌ಬಾಕ್ಸ್, ಇಸಿಎಂ, ರೇಡಿಯೇಟರ್, ಬಾಡಿ, ರಿಮ್ಮು. ಹೊಸದೇ ಆಗಬೇಕು: ಬ್ರೇಕ್ ಹೋಸು, ಪ್ಯಾಡು, ಮಾಸ್ಟರ್ ಸಿಲಿಂಡರ್, ಪೆಟ್ರೋಲ್ ಪೈಪು, ಮುಂದಿನ ಟೈರು, ಸೀಟ್ ಬೆಲ್ಟು, ಹೆಲ್ಮೆಟ್ಟು, ಬೆಂಕಿ ಆರಿಸೋ ಸಿಲಿಂಡರು. ಹೆಲ್ಮೆಟ್ಟಿಗೆ ಒಂದು ಸಲ ಏಟು ಬಿದ್ದಿದ್ರೂ ಒಳಗಿನ ಪದರ ಕುಗ್ಗಿರಬಹುದು, ಸೆಕೆಂಡ್ ಹ್ಯಾಂಡ್ ತಗೋಬೇಡಿ.

ರೋಲ್ ಕೇಜ್ ವಿಷಯದಲ್ಲಿ ನಮ್ಮ ಕಡೆ ಒಂದು ಚಾಳಿ ಅದ: ನೀರಿನ ಜಿಐ ಪೈಪ್ ಬಗ್ಗಿಸಿ ವೆಲ್ಡ್ ಮಾಡೋದು. ಅದು ಬಡಿತಕ್ಕೆ ಮಡಚುತ್ತೆ, ವೆಲ್ಡಿಂಗ್ ಬಿಟ್ಟುಕೊಳ್ಳುತ್ತೆ. ಜೋಡು ಇಲ್ಲದ ಸ್ಟೀಲ್ ಟ್ಯೂಬೇ ಬೇಕು. ಅಳತೆಯನ್ನ ನಿಯಮ ಪುಸ್ತಕ ನೋಡಿ ತಗೊಳ್ಳಿ. ಕೇಜ್ ಹಾಕಿದ್ರೆ 30 ಕೆ.ಜಿ. ಹೆಚ್ಚಾಗುತ್ತಲ್ಲ ಅಂತ ಗೆಳೆಯ ಕೇಳಿದ. ಅದೇ ಸೂತ್ರದಲ್ಲಿ ಲೆಕ್ಕ ಹಾಕಿದೆವು. ಹೊಸ ಎಂಜಿನ್ನಿನ ಹೆಚ್ಚುವರಿ ಭಾರ ಸೇರಿ 730 ಕೆ.ಜಿ.ಗೆ 15.6 ಸೆಕೆಂಡು, ಕೇಜ್ ಸೇರಿ 760ಕ್ಕೆ 15.8. ಜೀವದ ಬೆಲೆ 0.2 ಸೆಕೆಂಡು. ಮರುಮಾತಿಲ್ಲದೆ ಹಾಕಿಸಿದೆವು.

ಕಾನೂನು, ಮತ್ತು ಮುಂದಿನ ದಾರಿ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 189ರ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು, 10,000ದವರೆಗೆ ದಂಡ. ಗಾಡಿಯ ಮೂಲ ರೂಪ ಹೀಗೆ ಬದಲಿಸಿ ರಸ್ತೆಗಿಳಿಸೋದಕ್ಕೆ ಸೆಕ್ಷನ್ 52 ಅಡ್ಡ ಬರುತ್ತೆ. ಅಂದರೆ ಈ ಝೆನ್ ಇನ್ನು ರಸ್ತೆ ಗಾಡಿ ಅಲ್ಲ. ಎಲ್ಲಿ ಹೋದರೂ ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡೇ ಹೋಗಬೇಕು. ಆ ಬಾಡಿಗೆಯನ್ನೂ ನಿಮ್ಮ ಬಜೆಟ್‌ನಲ್ಲಿ ಮೊದಲೇ ಸೇರಿಸಿ.

ಪಂದ್ಯಕ್ಕೆ ಇಳಿಯಬೇಕಂದ್ರೆ ಮೋಟಾರು ಕ್ರೀಡೆ ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಸಂಸ್ಥೆಯ ಲೈಸೆನ್ಸ್ ಬೇಕು. ಪಂದ್ಯದ ಮೊದಲು ಗಾಡಿಯ ತಪಾಸಣೆ ಆಗುತ್ತೆ. ಅಲ್ಲಿ ಬ್ರೇಕು, ಬೆಲ್ಟು, ಬ್ಯಾಟರಿ ಬಿಗಿತ ಸರಿ ಇಲ್ಲ ಅಂದ್ರೆ ವಾಪಸ್. ಮೊದಲು ನನಗಿದು ಕಿರಿಕಿರಿ ಅನ್ನಿಸ್ತಿತ್ತು. ಈಗ ಅನ್ನಿಸೋದು, ಆ ತಪಾಸಣೆಯವನು ಒಬ್ಬ ನಮ್ಮ ಗಿರಣಿ ಅಂಗಳದಲ್ಲೂ ಇದ್ದಿದ್ರೆ ಗೆಳೆಯನ ಕೈ ಉಳೀತಿತ್ತು.

ಅವನ ಕೈ ಈಗ ಕೂಡಿದೆ. ಆ ರಾಶಿಗೆ ಅವರ ಹೊಲಕ್ಕೆ ನಾನೇ ಹೋಗಿ ನಿಂತೆ. ಅವನ ಅವ್ವ ಮಾತ್ರ ತಿಂಗಳಾನುಗಟ್ಟಲೆ ನನ್ನ ಹತ್ತಿರ ಮಾತಾಡಲಿಲ್ಲ. ಹೋದ ವಾರ ಗ್ಯಾರೇಜ್ ಮುಂದೆ ಹೋಗುವಾಗ ನಿಂತು, "ಬ್ರೇಕ್ ಹೊಸಾದು ಹಾಕ್ದೇನೋ?" ಅಂತ ಕೇಳಿದ್ರು. "ಹಾಕೀನಿ ಯವ್ವಾ" ಅಂದೆ.

ಇಲ್ಲಿಂದ ಚೆನ್ನೈ ಸುಮಾರು 800 ಕಿಲೋಮೀಟರ್. ದುಡ್ಡು ಕೂಡಿಸ್ತಾ ಇದ್ದೀವಿ. ಹೋದ ದಿನ ಎಷ್ಟು ಸೆಕೆಂಡು ಬಂತು ಅಂತ ಬಂದು ಹೇಳ್ತೀನಿ. ಅಲ್ಲಿಯವರೆಗೆ ನಿಮ್ಮ ಊರಲ್ಲಿ ಯಾರಾದರೂ ಹುಡುಗರು ಹೀಗೆ ಗಾಡಿ ಕಟ್ತಿದ್ದರೆ ಬೈಬೇಡಿ. ಬ್ರೇಕ್ ಹೋಸ್ ಯಾವಾಗ ಹಾಕಿದ್ದು ಅಂತ ಒಂದು ಮಾತು ಕೇಳಿ.