ಬಿಡಿ ವಜ್ರ ಕೊಳ್ಳುವ ಮುನ್ನ: ಪ್ರಯೋಗಾಲಯದ ಹರಳಿನ ಒಳಹೊರಗು

ಹೊಸಪೇಟೆ: ಹಂಪಿಯ ಬಜಾರಿನಲ್ಲಿ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರೆಂಬ ಮಾತನ್ನು ಈ ಭಾಗದಲ್ಲಿ ಕೇಳದವರಿಲ್ಲ. ಅದು ಜನಜನಿತವಾದ ಮಾತು. ದಾಖಲೆಗಳು ಹೇಳುವುದು ಸ್ವಲ್ಪ ಬೇರೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ರತ್ನ ವ್ಯಾಪಾರಿಗಳು ಬಜಾರಿನಲ್ಲಿ ಮಾಣಿಕ್ಯ, ಮುತ್ತು, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಅಂತಹುದೇ ಬೀದಿಯನ್ನು ಕಂಡಿದ್ದಾನೆ. ಆದರೆ ನಂತರ ಬಂದ ನೂನಿಜ್ ಹೇಳುವ ಒಂದು ಸಂಗತಿ ಹೆಚ್ಚು ಗಮನಾರ್ಹವಾದುದು: ವಜ್ರದ ಗಣಿಯನ್ನು ಗುತ್ತಿಗೆ ಪಡೆದ ನಾಯಕನು 20 ಮಂಗೆಲಿನ್‌ಗಿಂತ ಹೆಚ್ಚು ತೂಕದ ಪ್ರತಿಯೊಂದು ಹರಳನ್ನೂ ಅರಸನ ಬೊಕ್ಕಸಕ್ಕೆ ಒಪ್ಪಿಸಬೇಕಾಗಿತ್ತು. ಮಂಗೆಲಿನ್ ಎಂದರೆ ಇಂದಿನ ಒಂದು ಕ್ಯಾರೆಟ್‌ಗಿಂತ ತುಸು ಹೆಚ್ಚಿನ ತೂಕ. ದೊಡ್ಡ ಹರಳು ಅಪರೂಪ, ಆದ್ದರಿಂದಲೇ ಅದು ಅರಸನದು ಎಂಬುದು ಆ ಕಾಲದ ಲೆಕ್ಕಾಚಾರ.

ಈ ಲೆಕ್ಕಾಚಾರವನ್ನು ಇಂದು ಯಂತ್ರವೊಂದು ಬುಡಮೇಲು ಮಾಡಿದೆ. ಕಾರ್ಖಾನೆಯಲ್ಲಿ ಕೆಲವೇ ವಾರಗಳಲ್ಲಿ ಬೆಳೆಸಿದ ವಜ್ರಗಳು ನಗರದ ಆಭರಣದಂಗಡಿಗಳಲ್ಲಿಯೂ ಅಂತರ್ಜಾಲ ಮಳಿಗೆಗಳಲ್ಲಿಯೂ ಮಾರಾಟಕ್ಕಿವೆ. ನೈಸರ್ಗಿಕ ವಜ್ರದ ಬೆಲೆಯ ಒಂದು ಸಣ್ಣ ಭಾಗಕ್ಕೆ ಅಷ್ಟೇ ಹೊಳಪಿನ ಹರಳು ದೊರೆಯುತ್ತಿದೆ. ಮದುವೆಯ ಹೊತ್ತಿಗೆ ಏಳು ಹರಳಿನ ಓಲೆಯನ್ನೋ ವಜ್ರದ ಮೂಗುಬೊಟ್ಟನ್ನೋ ಮಾಡಿಸಬಯಸುವ ಕುಟುಂಬಗಳು ಇದರತ್ತ ನೋಡುವುದು ಸಹಜ. ಆದರೆ ಇದು ಅಸಲಿಯೇ? ನಾಳೆ ಮಾರಿದರೆ ಹಣ ಬಂದೀತೇ? ಕೊಳ್ಳುವಾಗ ಏನನ್ನು ನೋಡಬೇಕು?

ನಕಲಿಯಲ್ಲ, ಗಣಿಯದೂ ಅಲ್ಲ

ವಜ್ರವೆಂದರೆ ಒಂದು ನಿರ್ದಿಷ್ಟ ವಿನ್ಯಾಸದಲ್ಲಿ ಜೋಡಣೆಗೊಂಡ ಇಂಗಾಲ. ಪ್ರಯೋಗಾಲಯದ ವಜ್ರವೂ ಅದೇ ಇಂಗಾಲ, ಅದೇ ಜೋಡಣೆ. ಗಡಸುತನದ ಮೋಸ್ ಮಾಪಕದಲ್ಲಿ ಎರಡಕ್ಕೂ 10 ಅಂಕ. ಬೆಳಕನ್ನು ಬಾಗಿಸುವ ಗುಣವೂ ಒಂದೇ. ಕೆಲವು ವರ್ಷಗಳಲ್ಲಿ ಹೊಳಪು ಮಾಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಇದನ್ನು 'ಅಮೆರಿಕನ್ ಡೈಮಂಡ್' ಜತೆಗೆ ಹೋಲಿಸುವುದು ತಪ್ಪು. ಅಮೆರಿಕನ್ ಡೈಮಂಡ್ ಎಂದು ಕರೆಯಲಾಗುವುದು ಕ್ಯೂಬಿಕ್ ಜಿರ್ಕೋನಿಯಾ. ಅದರಲ್ಲಿ ಇಂಗಾಲವೇ ಇಲ್ಲ. ಗಡಸುತನವೂ ಕಡಿಮೆಯಾದ್ದರಿಂದ ಬಳಸಿದಂತೆ ಗೀರು ಬೀಳುತ್ತದೆ. ಮಾಯಿಸನೈಟ್ ಎಂಬ ಇನ್ನೊಂದು ಹರಳು ಸಿಲಿಕಾನ್ ಕಾರ್ಬೈಡ್‌ನಿಂದ ಆದದ್ದು. ಇವೆರಡೂ ವಜ್ರದಂತೆ ಕಾಣುವ ಬೇರೆ ವಸ್ತುಗಳು. ಪ್ರಯೋಗಾಲಯದ್ದು ವಜ್ರವೇ, ಹುಟ್ಟಿದ ಸ್ಥಳ ಮಾತ್ರ ಬೇರೆ.

ಹಾಗೆಂದು ಮೂಲವನ್ನು ಮರೆಮಾಚಿ ಮಾರುವಂತಿಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 15766:2007 ಮಾನದಂಡದ ಪ್ರಕಾರ, ಯಾವ ವಿಶೇಷಣವೂ ಇಲ್ಲದೆ 'ವಜ್ರ' ಎಂದರೆ ಅದು ನೈಸರ್ಗಿಕ ವಜ್ರವೇ ಆಗಿರಬೇಕು. ಪ್ರಯೋಗಾಲಯದ ಹರಳಾದರೆ ಹಾಗೆಂದು ಸ್ಪಷ್ಟವಾಗಿ ನಮೂದಿಸಬೇಕು.

ಸಂಡೂರಿನ ಕಬ್ಬಿಣದಿಂದ ಅರ್ಥವಾಗುವ ವಿದ್ಯೆ

ವಜ್ರ ಬೆಳೆಸುವ ವಿಧಾನಗಳು ಮುಖ್ಯವಾಗಿ ಎರಡು. ಮೊದಲನೆಯದು ಅಧಿಕ ಒತ್ತಡ, ಅಧಿಕ ಉಷ್ಣತೆಯ ವಿಧಾನ. ವ್ಯಾಪಾರದಲ್ಲಿ ಇದನ್ನು ಎಚ್‌ಪಿಎಚ್‌ಟಿ ಎನ್ನುತ್ತಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ 1954ರ ಡಿಸೆಂಬರ್‌ನಲ್ಲಿ ಇದು ಫಲ ನೀಡಿತು. 1955ರ ಫೆಬ್ರುವರಿಯಲ್ಲಿ ಜಗತ್ತಿಗೆ ಪ್ರಕಟವಾಯಿತು. ಇದರಲ್ಲಿ ಕಬ್ಬಿಣ, ನಿಕಲ್, ಕೋಬಾಲ್ಟ್‌ನಂತಹ ಲೋಹಗಳನ್ನು ಕರಗಿಸಿ, ಆ ದ್ರವದಲ್ಲಿ ಗ್ರಾಫೈಟ್‌ನ ಇಂಗಾಲವನ್ನು ಲೀನಗೊಳಿಸಲಾಗುತ್ತದೆ. ಆ ಇಂಗಾಲ ಒಂದು ಸಣ್ಣ ವಜ್ರದ ಬೀಜದ ಮೇಲೆ ಪದರ ಪದರವಾಗಿ ಕೂಡುತ್ತದೆ. ಬೇಕಾಗುವ ಉಷ್ಣತೆ ಸುಮಾರು 1,300ರಿಂದ 1,600 ಡಿಗ್ರಿ ಸೆಲ್ಸಿಯಸ್. ಸಂಡೂರಿನ ಅದಿರನ್ನು ಕರಗಿಸುವ ತೋರಣಗಲ್ಲಿನ ಊದುಕುಲುಮೆಯಿಂದ ಹೊರಬರುವ ದ್ರವಕಬ್ಬಿಣದ ಬಿಸಿಯೂ ಹೆಚ್ಚೂಕಡಿಮೆ ಅಷ್ಟೇ. ವ್ಯತ್ಯಾಸವಿರುವುದು ಒತ್ತಡದಲ್ಲಿ: ವಜ್ರಕ್ಕೆ ವಾಯುಮಂಡಲದ ಒತ್ತಡದ 50ರಿಂದ 60 ಸಾವಿರ ಪಟ್ಟು ಬೇಕು.

ಎರಡನೆಯದು ಸಿವಿಡಿ. ನಿರ್ವಾತ ಕೋಣೆಯೊಳಗೆ ವಜ್ರದ ತೆಳುಬಿಲ್ಲೆಗಳನ್ನು ಇರಿಸಿ, ಮೀಥೇನ್ ಮತ್ತು ಜಲಜನಕ ಅನಿಲಗಳನ್ನು ಹಾಯಿಸಿ, ಮೈಕ್ರೋವೇವ್‌ನಿಂದ ಅವುಗಳನ್ನು ಪ್ಲಾಸ್ಮಾ ಸ್ಥಿತಿಗೆ ತರಲಾಗುತ್ತದೆ. ಮೀಥೇನ್‌ನಿಂದ ಬಿಡುಗಡೆಯಾದ ಇಂಗಾಲ ಬಿಲ್ಲೆಯ ಮೇಲೆ ಕೂಡುತ್ತಾ ಹೋಗುತ್ತದೆ. ಭಾರತದಲ್ಲಿ, ವಿಶೇಷವಾಗಿ ಸೂರತ್‌ನಲ್ಲಿ, ಸಿವಿಡಿ ವಿಧಾನವೇ ಪ್ರಧಾನ. ಚೀನಾದಲ್ಲಿ ಎಚ್‌ಪಿಎಚ್‌ಟಿ ಪ್ರಬಲವಾಗಿದೆ.

2023-24ನೇ ಸಾಲಿನ ಕೇಂದ್ರ ಮುಂಗಡಪತ್ರ ಈ ಉದ್ಯಮಕ್ಕೆ ಉತ್ತೇಜನ ನೀಡಿತು. ವಜ್ರದ ಬೀಜದ ಮೇಲಿನ ಶೇ 5ರ ಆಮದು ಸುಂಕ ರದ್ದಾಯಿತು. ಬೀಜ ಹಾಗೂ ಯಂತ್ರಗಳನ್ನು ದೇಶದಲ್ಲೇ ರೂಪಿಸುವ ಸಂಶೋಧನೆಗಾಗಿ ಮದ್ರಾಸ್ ಐಐಟಿಗೆ ಐದು ವರ್ಷಗಳ ಅವಧಿಗೆ ₹242.96 ಕೋಟಿ ಅನುದಾನ ಮಂಜೂರಾಯಿತು.

ಬೆಲೆ ಕುಸಿದದ್ದೇಕೆ?

ನೆಲದ ವಜ್ರಕ್ಕೆ ಬೆಲೆ ತಂದದ್ದು ಅದರ ಅಭಾವ. ಬಳ್ಳಾರಿಯ ಪೂರ್ವಕ್ಕೆ, ಗುಂತಕಲ್ ಸಮೀಪದ ವಜ್ರಕರೂರಿನಲ್ಲಿ ಇಂದಿಗೂ ಮೊದಲ ಮಳೆ ಬಿದ್ದೊಡನೆ ಜನ ಹೊಲಗಳಲ್ಲಿ ಹರಳು ಅರಸುತ್ತಾ ದಿನಗಟ್ಟಲೆ ಅಲೆಯುತ್ತಾರೆ. ಬಹುತೇಕರು ಬರಿಗೈಯಲ್ಲಿ ಮರಳುತ್ತಾರೆ. ದೋಣಿಮಲೈ ಗಣಿಯ ಮೂಲಕ ಸಂಡೂರಿಗೆ ಚಿರಪರಿಚಿತವಾದ ಎನ್‌ಎಂಡಿಸಿ ಸಂಸ್ಥೆಯೇ ಮಧ್ಯಪ್ರದೇಶದ ಪನ್ನಾದಲ್ಲಿ ವಜ್ರದ ಗಣಿಯನ್ನೂ ನಡೆಸುತ್ತದೆ. ಅಲ್ಲಿ ಒಂದು ಕ್ಯಾರೆಟ್ ಹರಳಿಗಾಗಿ ಟನ್‌ಗಟ್ಟಲೆ ಕಲ್ಲನ್ನು ಒಡೆಯಬೇಕಾಗುತ್ತದೆ.

ಯಂತ್ರಕ್ಕೆ ಈ ಮಿತಿಯಿಲ್ಲ. ಯಂತ್ರಗಳು ಹೆಚ್ಚಿದಂತೆ ಹರಳುಗಳೂ ಹೆಚ್ಚುತ್ತವೆ, ಬೆಲೆ ಇಳಿಯುತ್ತದೆ. ಇದಕ್ಕೆ ಒಂದು ನಿದರ್ಶನ: ಗಣಿ ವಜ್ರದ ದೈತ್ಯ ಸಂಸ್ಥೆ ಡಿ ಬೀರ್ಸ್ 2018ರಲ್ಲಿ 'ಲೈಟ್‌ಬಾಕ್ಸ್' ಹೆಸರಿನಲ್ಲಿ ಪ್ರಯೋಗಾಲಯದ ವಜ್ರವನ್ನು ಕ್ಯಾರೆಟ್‌ಗೆ 800 ಡಾಲರ್‌ನಂತೆ ಮಾರಲು ಮುಂದಾಯಿತು. ಆಗ ಅದು ಮಾರುಕಟ್ಟೆಯನ್ನೇ ಬೆಚ್ಚಿಬೀಳಿಸಿದ ಅಗ್ಗದ ದರ. ನಂತರದ ವರ್ಷಗಳಲ್ಲಿ ಸಗಟು ದರಗಳು ಅದಕ್ಕಿಂತ ಬಹಳ ಕೆಳಗಿಳಿದವು. 2025ರ ಮೇ ತಿಂಗಳಲ್ಲಿ ಆ ಸಂಸ್ಥೆ ಲೈಟ್‌ಬಾಕ್ಸ್ ಅನ್ನು ಮುಚ್ಚುವುದಾಗಿ ಪ್ರಕಟಿಸಿತು.

ಕೊಳ್ಳುವವರು ತಿಳಿಯಬೇಕಾದುದು ಇಷ್ಟು: ಪ್ರಯೋಗಾಲಯದ ವಜ್ರ ತೊಡುವ ಒಡವೆಯೇ ಹೊರತು ಕೂಡಿಡುವ ಆಸ್ತಿಯಲ್ಲ. ಇಂದು ಕೊಂಡ ಹರಳಿನಂತಹುದೇ ಹೊಸ ಹರಳು ನಾಳೆ ಇನ್ನೂ ಅಗ್ಗವಾಗಿ ದೊರೆಯುವಾಗ, ಹಳೆಯದನ್ನು ಹೆಚ್ಚಿನ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ನೈಸರ್ಗಿಕ ವಜ್ರವನ್ನು ಮರಳಿ ಮಾರುವಾಗಲೂ ಕೊಂಡ ಬೆಲೆ ಬರುವುದು ವಿರಳ ಎಂಬುದನ್ನೂ ಮರೆಯುವಂತಿಲ್ಲ.

ಅಡವಿಡುವವರಿಗೆ ಎಚ್ಚರಿಕೆ

ಕಂಪ್ಲಿ, ಹೊಸಪೇಟೆ ಭಾಗದ ರೈತ ಕುಟುಂಬಗಳಲ್ಲಿ ಒಡವೆ ಎಂದರೆ ಅಲಂಕಾರವಷ್ಟೇ ಅಲ್ಲ, ಆಪತ್ಕಾಲದ ಧನವೂ ಹೌದು. ಭತ್ತದ ನಾಟಿಗೆ, ಕಬ್ಬಿನ ಗೊಬ್ಬರಕ್ಕೆ, ಮಕ್ಕಳ ಶಾಲಾ ಶುಲ್ಕಕ್ಕೆ ಚಿನ್ನ ಅಡವಿಟ್ಟು ಫಸಲು ಬಂದ ಮೇಲೆ ಬಿಡಿಸಿಕೊಳ್ಳುವುದು ರೂಢಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶ ಆತಂಕಕ್ಕೊಳಗಾದುದನ್ನು ಇಲ್ಲಿನವರು ಬಲ್ಲರು. ಅಂತಹ ಸಮಯದಲ್ಲಿ ನೆರವಿಗೆ ಬರುವುದು ಪೆಟ್ಟಿಗೆಯಲ್ಲಿರುವ ಚಿನ್ನ.

ಬ್ಯಾಂಕುಗಳು ಸಾಲ ನೀಡುವಾಗ ಹರಳಿನ ಬೆಲೆಯನ್ನು ಪರಿಗಣಿಸುವುದಿಲ್ಲ. ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ ನಿರ್ದೇಶನಗಳಲ್ಲಿಯೂ ಆಭರಣದಲ್ಲಿನ ಚಿನ್ನದ ನೈಜ ಮೌಲ್ಯವನ್ನು ಮಾತ್ರ ಲೆಕ್ಕಹಾಕಬೇಕು, ಹರಳುಗಳ ಬೆಲೆ ಸೇರಿಸಕೂಡದು ಎಂದಿದೆ. ಉದಾಹರಣೆಗೆ, ಒಟ್ಟು 5 ಗ್ರಾಂ ತೂಕದ 18 ಕ್ಯಾರೆಟ್ ಉಂಗುರದಲ್ಲಿ ಒಂದು ಕ್ಯಾರೆಟ್ ತೂಕದ ವಜ್ರವಿದೆ ಎನ್ನೋಣ. ಹರಳಿನ 0.2 ಗ್ರಾಂ ಕಳೆದರೆ ಉಳಿಯುವುದು 4.8 ಗ್ರಾಂ. ಅದರಲ್ಲಿ ಶೇ 75ರಷ್ಟು, ಅಂದರೆ 3.6 ಗ್ರಾಂ ಮಾತ್ರ ಅಪ್ಪಟ ಚಿನ್ನ. ಸಾಲ ಸಿಗುವುದು ಅಷ್ಟರ ಮೇಲೆ. ಆದ್ದರಿಂದ ಅಡವಿನ ಆಲೋಚನೆಯಿರುವವರು ಚಿನ್ನಕ್ಕೆಂದು ಕೂಡಿಟ್ಟ ಹಣವನ್ನು ಹರಳಿಗೆ ತಿರುಗಿಸುವುದು ಜಾಣತನವಲ್ಲ.

ಇಲ್ಲಿ ಕ್ಯಾರೆಟ್ ಎಂಬ ಪದಕ್ಕೆ ಎರಡು ಅರ್ಥಗಳಿರುವುದನ್ನು ಗಮನಿಸಬೇಕು. ಚಿನ್ನದಲ್ಲಿ ಅದು ಪರಿಶುದ್ಧತೆಯ ಅಳತೆ. ವಜ್ರದಲ್ಲಿ ತೂಕದ ಅಳತೆ. ವಜ್ರದ ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅಂದರೆ 100 ಸೆಂಟ್. ಚಿನ್ನದ ಮೇಲಿನ ಹಾಲ್‌ಮಾರ್ಕ್ ಹಾಗೂ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಸಂಖ್ಯೆ ಚಿನ್ನಕ್ಕೆ ಮಾತ್ರ ಸಾಕ್ಷಿ. ಅದರಲ್ಲಿ ಕೂರಿಸಿದ ಹರಳಿಗೂ ಅದಕ್ಕೂ ಸಂಬಂಧವಿಲ್ಲ.

ಬಿಡಿ ಹರಳಿನಲ್ಲಿ ಏನು ನೋಡಬೇಕು?

ಒಡವೆಯಲ್ಲಿ ಕೂರಿಸಿದ ಮೇಲೆ ಹರಳಿನ ತೂಕ, ಬಣ್ಣ, ದೋಷಗಳನ್ನು ನಿಖರವಾಗಿ ಅಳೆಯುವುದು ಕಷ್ಟ. ಬಿಡಿಯಾಗಿ ಕೊಳ್ಳುವುದರ ಮುಖ್ಯ ಪ್ರಯೋಜನ ಇದೇ.

ಕಟ್: ಮೊದಲು ನೋಡಬೇಕಾದುದು ಇದನ್ನೇ. ಹರಳಿನ ಮುಖಗಳ ಕೋನ ಸರಿಯಿದ್ದರೆ ಮಾತ್ರ ಬೆಳಕು ಒಳಹೊಕ್ಕು ಮರಳಿ ಕಣ್ಣಿಗೆ ಬರುತ್ತದೆ. ದುಂಡು ಹರಳಿನಲ್ಲಿ 'ಎಕ್ಸಲೆಂಟ್' ಅಥವಾ 'ಐಡಿಯಲ್' ದರ್ಜೆಯನ್ನೇ ಕೇಳಬೇಕು.

ಬಣ್ಣ: ಇಂಗ್ಲಿಷ್ ವರ್ಣಮಾಲೆಯ 'ಡಿ'ಯಿಂದ 'ಜೆಡ್'ವರೆಗೆ ದರ್ಜೆಗಳಿವೆ, 'ಡಿ' ಎಂದರೆ ಸಂಪೂರ್ಣ ವರ್ಣರಹಿತ. ಸಿವಿಡಿ ಹರಳಿನಲ್ಲಿ ಕಂದು ಛಾಯೆಯೂ ಎಚ್‌ಪಿಎಚ್‌ಟಿ ಹರಳಿನಲ್ಲಿ ನೀಲಿ ಛಾಯೆಯೂ ಇರಬಹುದು. ಹಾಲಿನಂತಹ ಮಂಕು ಇದೆಯೇ ಎಂಬುದನ್ನು ಬಿಸಿಲಿನಲ್ಲಿ, ಬಿಳಿ ಕಾಗದದ ಮೇಲಿಟ್ಟು ನೋಡಬೇಕು. ಅಂಗಡಿಯ ಪ್ರಖರ ದೀಪದಡಿ ಎಲ್ಲ ಹರಳುಗಳೂ ಚೆಂದವೇ.

ಶುದ್ಧತೆ: 'ವಿಎಸ್' ದರ್ಜೆಯ ಹರಳಿನಲ್ಲಿರುವ ದೋಷಗಳು ಬರಿಗಣ್ಣಿಗೆ ಕಾಣುವುದಿಲ್ಲ. 'ವಿವಿಎಸ್'ಗೆ ಹೆಚ್ಚು ಹಣ ತೆತ್ತರೂ ತೊಟ್ಟಾಗ ವ್ಯತ್ಯಾಸ ತಿಳಿಯದು.

ಗಾತ್ರ: ಒಂದು ಕ್ಯಾರೆಟ್ ದುಂಡು ಹರಳಿನ ವ್ಯಾಸ ಸುಮಾರು 6.5 ಮಿಲಿಮೀಟರ್; ಎರಡು ಕ್ಯಾರೆಟ್‌ನದು ಸುಮಾರು 8.1. ತೂಕ ಇಮ್ಮಡಿಯಾದರೂ ಅಗಲ ಕಾಲುಭಾಗವಷ್ಟೇ ಹೆಚ್ಚುತ್ತದೆ.

ಪ್ರಮಾಣಪತ್ರ: ಐಜಿಐ, ಜಿಐಎಯಂತಹ ಸ್ವತಂತ್ರ ಪ್ರಯೋಗಾಲಯದ ವರದಿಯಿಲ್ಲದೆ ದೊಡ್ಡ ಹರಳನ್ನು ಕೊಳ್ಳಬಾರದು. ವರದಿಯಲ್ಲಿ 'ಲ್ಯಾಬೊರೇಟರಿ ಗ್ರೋನ್' ಎಂದು ಸ್ಪಷ್ಟವಾಗಿರಬೇಕು. ಬೆಳೆಸಿದ ವಿಧಾನ, ನಂತರ ಬಣ್ಣ ಸುಧಾರಿಸಲು ಸಂಸ್ಕರಿಸಲಾಗಿದೆಯೇ ಎಂಬ ಟಿಪ್ಪಣಿಯನ್ನೂ ಓದಬೇಕು. ವರದಿಯ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಪರಿಶೀಲಿಸಬಹುದು. ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ ಸಂಖ್ಯೆಯನ್ನು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ, ವರದಿಯ ಸಂಖ್ಯೆಯೊಡನೆ ತಾಳೆ ನೋಡಬೇಕು. ಜಿಐಎ 2025ರ ಅಕ್ಟೋಬರ್‌ನಿಂದ ಪ್ರಯೋಗಾಲಯದ ವಜ್ರಗಳಿಗೆ ಬಣ್ಣ-ಶುದ್ಧತೆಯ ಹಳೆಯ ದರ್ಜೆಗಳನ್ನು ಕೈಬಿಟ್ಟು 'ಪ್ರೀಮಿಯಂ', 'ಸ್ಟ್ಯಾಂಡರ್ಡ್' ಎಂಬ ಎರಡೇ ವರ್ಗಗಳನ್ನು ಬಳಸುತ್ತಿದೆ.

ಮನೆಯ ಪರೀಕ್ಷೆ ಸಾಲದು

ಉಸಿರು ಊದಿ ಮಂಜು ಕಟ್ಟುವುದನ್ನು ನೋಡುವುದು, ನೀರಿಗೆ ಹಾಕುವುದು, ಪತ್ರಿಕೆಯ ಅಕ್ಷರದ ಮೇಲಿಡುವುದು ಮುಂತಾದ ಪರೀಕ್ಷೆಗಳಿಂದ ಗಣಿಯ ವಜ್ರವನ್ನೂ ಪ್ರಯೋಗಾಲಯದ ವಜ್ರವನ್ನೂ ಬೇರ್ಪಡಿಸಲಾಗದು. ಅಂಗಡಿಗಳಲ್ಲಿರುವ ಪೆನ್ನಿನಂತಹ ಉಪಕರಣ ಶಾಖ ಹರಿಯುವ ವೇಗವನ್ನು ಅಳೆಯುತ್ತದೆ. ಅದರಲ್ಲಿ ಎರಡೂ 'ವಜ್ರ' ಎಂದೇ ತೋರುತ್ತವೆ. ಬೇರ್ಪಡಿಸಲು ಸುಸಜ್ಜಿತ ಪ್ರಯೋಗಾಲಯವೇ ಬೇಕು. ಏಳು ಹರಳಿನ ಓಲೆಯಂತಹ ಒಡವೆಗಳ ಸಣ್ಣ ಹರಳುಗಳಿಗೆ ಪ್ರತ್ಯೇಕ ವರದಿ ಇರುವುದು ವಿರಳವಾದ್ದರಿಂದ, ನೈಸರ್ಗಿಕ ಹರಳುಗಳ ನಡುವೆ ಇವು ಬೆರೆಯುವ ಅಪಾಯ ಅಲ್ಲಿಯೇ ಹೆಚ್ಚು. 'ಎಲ್ಲ ಹರಳೂ ನೈಸರ್ಗಿಕ' ಎಂದು ಹೇಳಿ ಮಾರುವವರಿಂದ ಅದನ್ನು ಬಿಲ್ಲಿನಲ್ಲಿಯೇ ಬರೆಯಿಸಿಕೊಳ್ಳಬೇಕು.

ಬಿಡಿ ಹರಳನ್ನು ಪತ್ತಾರರ ಕೈಗೆ ಕೊಡುವಾಗ ಅವರ ಎದುರಿಗೇ ತೂಕ ಮಾಡಿ, ಅಂಚಿನ ಸಂಖ್ಯೆ ತೋರಿಸಿ, ಚೀಟಿ ಪಡೆಯುವುದು ಒಳಿತು. ಮರಳಿ ಪಡೆಯುವಾಗ ಸಂಖ್ಯೆಯನ್ನು ಮತ್ತೆ ನೋಡಬೇಕು. 22 ಕ್ಯಾರೆಟ್ ಚಿನ್ನ ಮೃದುವಾದ್ದರಿಂದ ಹರಳು ಹಿಡಿಯುವ ಉಗುರುಗಳಿಗೆ 18 ಕ್ಯಾರೆಟ್ ಸೂಕ್ತ. ನೇರ ಬೆಂಕಿಯ ಜ್ವಾಲೆ ತಗುಲಿದರೆ ಯಾವ ವಜ್ರವಾದರೂ ಮಂಕಾಗಬಹುದು. ದುರಸ್ತಿಗೆ ಕೊಡುವಾಗ ಇದನ್ನು ತಿಳಿಸಬೇಕು.

ಪರಿಸರದ ಮಾತು

'ಗಣಿಗಾರಿಕೆಯಿಲ್ಲದ ವಜ್ರ' ಎಂಬ ಜಾಹೀರಾತು ಸಂಡೂರಿನ ಜನರ ಮನಸ್ಸನ್ನು ಸುಲಭವಾಗಿ ಮುಟ್ಟೀತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದ ದಿನಗಳು ಇಲ್ಲಿ ಯಾರಿಗೂ ಮರೆತಿಲ್ಲ. ವಜ್ರ ಬೆಳೆಸಲು ನೆಲ ಅಗೆಯಬೇಕಿಲ್ಲ ಎಂಬುದು ನಿಜ. ಆದರೆ ಯಂತ್ರಗಳು ವಾರಗಟ್ಟಲೆ ಹಗಲಿರುಳು ವಿದ್ಯುತ್ ಬೇಡುತ್ತವೆ. ಆ ವಿದ್ಯುತ್ ಕಲ್ಲಿದ್ದಲಿನದೋ ಸೂರ್ಯನದೋ ಎಂಬುದರ ಮೇಲೆ 'ಹಸಿರು' ಎಂಬ ಹೆಸರಿನ ಸತ್ಯಾಸತ್ಯತೆ ನಿಂತಿದೆ.

ಮೋಸವಾದರೆ

ತೂಕ, ದರ್ಜೆ, ವರದಿ ಸಂಖ್ಯೆ ಮತ್ತು 'ಪ್ರಯೋಗಾಲಯದ ವಜ್ರ' ಎಂಬ ನಮೂದು ಇರುವ ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಬೇಕು. ಮರುಖರೀದಿ ಅಥವಾ ವಿನಿಮಯದ ಭರವಸೆಯಿದ್ದರೆ ಅದು ಇಂದಿನ ಬಿಲ್ಲಿನ ಬೆಲೆಗೋ, ಮರಳಿಸುವ ದಿನದ ದರಕ್ಕೋ, ಹಣಕ್ಕೋ, ಬೇರೆ ಒಡವೆಗೋ ಎಂಬುದು ಬರಹದಲ್ಲಿರಲಿ. ತಕರಾರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಹಂಪಿಯ ಸುತ್ತಮುತ್ತ ಯಾರಾದರೂ 'ವಿಜಯನಗರ ಕಾಲದ ವಜ್ರ' ಎಂದು ಬಿಲ್ಲಿಲ್ಲದೆ ಹರಳು ತೋರಿಸಿದರೆ, ಅದನ್ನು ಕೊಳ್ಳದಿರುವುದೇ ಸರಿಯಾದ ವ್ಯವಹಾರ.

ಮಗಳ ಕಿವಿಯಲ್ಲಿ ಹೊಳೆಯುವ ಹರಳು ಬೇಕು, ಅದಕ್ಕಾಗಿ ಹೊಲದ ಸಾಲ ಮಾಡುವುದು ಬೇಡ ಎನ್ನುವವರಿಗೆ ಪ್ರಯೋಗಾಲಯದ ವಜ್ರ ಉತ್ತಮ ಆಯ್ಕೆ. ಕಷ್ಟಕಾಲಕ್ಕೆ ಆದೀತೆಂಬ ಲೆಕ್ಕವಿದ್ದರೆ ಹಣ ಚಿನ್ನದಲ್ಲಿಯೇ ಇರುವುದು ಕ್ಷೇಮ.