ಇಬ್ಬನಿ ಆರುವ ಮುನ್ನ



ಚಳಿಗಾಲದ ಬೇಸಾಯ ಎಂದೊಡನೆ ಪುಸ್ತಕ ಓದಿ ಬೆಳೆದ ನಮ್ಮಂಥವರ ಕಣ್ಣ ಮುಂದೆ ಹಿಮ ಹೊದ್ದ ಹೊಲ, ಹೆಪ್ಪುಗಟ್ಟಿದ ನೀರಿನ ತೊಟ್ಟಿ, ಕೊಟ್ಟಿಗೆ ಬಿಟ್ಟು ಹೊರಬರದ ದನಗಳು ಸುಳಿಯುವುದುಂಟು. ಕಾಶ್ಮೀರದಲ್ಲಿ ಡಿಸೆಂಬರ್ ೨೧ರಿಂದ ನಲವತ್ತು ದಿನ 'ಚಿಲ್ಲೈ ಕಲಾನ್' ಎಂಬ ಕಡುಚಳಿಯ ಕಾಲ. ಆಗ ಅಲ್ಲಿಯ ಒಕ್ಕಲಿಗ ಹೊಲದ ಕೆಲಸವನ್ನು ಕಟ್ಟಿಟ್ಟು ಮನೆಯೊಳಗೆ ಕಾಂಗಡಿಯ ಕೆಂಡಕ್ಕೆ ಕೈ ಒಡ್ಡಿ ಕೂಡುತ್ತಾನೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಮಾಗಿ ಇದಕ್ಕೆ ತೀರ ಬೇರೆ. ಇಲ್ಲಿ ಮುಂಗಾರಿಯ ಸುಗ್ಗಿ ಮುಗಿದಿರುವುದಿಲ್ಲ, ಹಿಂಗಾರಿಯ ಪೈರು ಎದೆಮಟ್ಟ ನಿಂತಿರುತ್ತದೆ. ವರ್ಷದಲ್ಲಿ ಅತಿ ಹೆಚ್ಚು ಕೈಗಳು ಬೇಕಾಗುವುದು ಮೈ ನಡುಗುವ ಈ ದಿನಗಳಲ್ಲಿಯೇ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಇಲ್ಲಿ ಉಷ್ಣಮಾನ ಸಾಮಾನ್ಯವಾಗಿ ಹದಿಮೂರು-ಹದಿನೈದು ಡಿಗ್ರಿ, ಕೆಲವು ರಾತ್ರಿ ಇನ್ನೂ ಕೆಳಗೆ. ಅಂಕೆಯಲ್ಲಿ ಇದು ದೊಡ್ಡದಲ್ಲ. ಆದರೆ ಬರಿಗಾಲಲ್ಲಿ ನೆನೆದ ಪೈರಿನ ನಡುವೆ ನಿಂತವರಿಗೆ ಉಷ್ಣಮಾಪಕದ ಸಮಾಧಾನ ದೊರೆಯದು.

'ಮಾಗಿ' ಎಂಬ ಮಾತು 'ಮಾಗು' ಎಂಬ ಕ್ರಿಯಾಪದಕ್ಕೆ ಕಿವಿಯಲ್ಲಾದರೂ ನೆಂಟ. ಶಬ್ದದ ಮೂಲವೇನೇ ಇರಲಿ, ಒಕ್ಕಲಿಗನ ಅನುಭವದಲ್ಲಿ ಎರಡೂ ಒಂದೇ: ಬೆಳೆ ಮಾಗುವ ಕಾಲ ಮಾಗಿ. ಈ ಕಾಲದ ಕೆಲಸಗಳನ್ನು ಗಡಿಯಾರವಾಗಲಿ ಸೂರ್ಯನಾಗಲಿ ನಡೆಸುವುದು ಕಡಿಮೆ, ಇಬ್ಬನಿ ನಡೆಸುತ್ತದೆ. ಇದನ್ನಷ್ಟು ಬಿಡಿಸಿ ಹೇಳಬೇಕೆಂಬುದೇ ಈ ಮಾತಿನ ಉದ್ದೇಶ.

ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವೂ ಎಲೆಯೂ ತಮ್ಮ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತವೆ. ತಣ್ಣನೆಯ ಎಲೆ ಸೋಕಿದ ಗಾಳಿ ತನ್ನೊಳಗಿನ ತೇವವನ್ನು ಹಿಡಿದಿಡಲಾರದೆ ಹನಿಯಾಗಿ ಇಳಿಸುತ್ತದೆ. ಮೋಡ ಮುಸುಕಿದ ರಾತ್ರಿ ಇಬ್ಬನಿ ಕಡಿಮೆ, ಚಳಿಯೂ ಕಡಿಮೆ. ಬೆಳಗಾದ ಮೇಲೆ ಎರಡು ಮೂರು ತಾಸು ಈ ಹನಿ ಪೈರಿನ ಮೇಲಿರುತ್ತದೆ. ಆ ಎರಡು ಮೂರು ತಾಸಿನಲ್ಲಿ ಮಾಡಲೇಬೇಕಾದ ಕೆಲಸಗಳು ಕೆಲವು, ಮಾಡಲೇಬಾರದ ಕೆಲಸಗಳು ಹಲವು.

ಮಾಡಲೇಬೇಕಾದವುಗಳಲ್ಲಿ ಮೊದಲನೆಯದು ಕುಸುಬೆಯ ಕೊಯ್ಲು. ಕುಸುಬೆ ಮುಳ್ಳಿನ ಗಿಡ. ಎಲೆಯ ಅಂಚಿನಲ್ಲಿ ಮುಳ್ಳು, ಹೂವಿನ ತೊಟ್ಟಿನ ಸುತ್ತ ಮುಳ್ಳು. ಒಣಗಿದಷ್ಟೂ ಅವು ಸೂಜಿಯಾಗುತ್ತವೆ. ಇಬ್ಬನಿಯಲ್ಲಿ ನೆನೆದಾಗ ಮಾತ್ರ ಮೆತ್ತಗಾಗಿ ಕೈಗೆ ಬಾಗುತ್ತವೆ. ಆದ್ದರಿಂದ ಕುಸುಬೆ ಕಿತ್ತುವವರು ಚುಕ್ಕಿ ಇರುವಾಗಲೇ ಹೊಲದಲ್ಲಿರಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಎರೆಹೊಲದಲ್ಲಿ ಜೋಳದ ನಡುನಡುವೆ ಕುಸುಬೆಯ ಸಾಲುಗಳಿರುತ್ತಿದ್ದವು. ಹೊಲದ ಅಂಚಿಗೂ ಅದೇ, ದನ ನುಗ್ಗದ ಬೇಲಿಯಾಗಿ. ಒಂದು ದಿನ ಆಳುಗಳು ಬರುವುದು ತಡವಾಗಿ, ಹೊತ್ತೇರಿದ ಮೇಲೂ ಕೆಲಸ ಮುಂದುವರಿಸಲು ನಮ್ಮ ತಂದೆಯವರು ಹೇಳಿದಾಗ, ಗುಂಪಿನ ಹಿರಿಯಳೊಬ್ಬಳು ಕುಡುಗೋಲನ್ನು ನೆಲಕ್ಕಿಟ್ಟು, "ಹನಿ ಆರೇತ್ರೀ ಯಪ್ಪಾ. ಇನ್ನ ಅದನ್ನ ಮುಟ್ಟಿದ್ರ ಅದು ನಮ್ಮನ್ನ ಕೊಯ್ತೈತಿ" ಎಂದಳು. ತಂದೆಯವರು ಮರುಮಾತಾಡಲಿಲ್ಲ. ಹೊಲದಲ್ಲಿ ಆಳುವವರು ಯಾರೆಂಬುದು ಆ ದಿನ ನನಗೆ ತಿಳಿಯಿತು.

ಕಡಲೆಯದೂ ಇದೇ ಬಗೆ. ಒಣಗಿದ ಕಡಲೆಯ ಗಿಡವನ್ನು ಬಿಸಿಲಿನಲ್ಲಿ ಕಿತ್ತರೆ ಕಾಯಿ ಒಡೆದು ಕಾಳು ನೆಲದ ಪಾಲಾಗುತ್ತದೆ. ನಸುಕಿನಲ್ಲಿ ತೇವಗೊಂಡ ಗಿಡ ಬುಡಸಹಿತ ಬರುತ್ತದೆ, ಕಾಯಿ ಉದುರದು. ಆದರೆ ಕಡಲೆಯ ಇಬ್ಬನಿ ಬರಿಯ ನೀರಲ್ಲ. ಆ ಗಿಡದ ಎಲೆ, ಕಾಂಡ, ಕಾಯಿಗಳ ಮೇಲಿನ ನವಿರು ರೋಮಗಳು ಹುಳಿಯನ್ನು ಸ್ರವಿಸುತ್ತವೆ. ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು. ಹಸಿ ಗಿಡದ ಮೇಲೆ ರಾತ್ರಿ ತೆಳು ಅರಿವೆ ಹಾಸಿ ನಸುಕಿನಲ್ಲಿ ಹಿಂಡಿದರೆ ಕಡಲೆಹುಳಿ ದೊರೆಯುತ್ತದೆ. ಹೊಟ್ಟೆನೋವಿಗೆ ಅದನ್ನು ಕೊಡುತ್ತಿದ್ದರು, ಸಾರಿಗೂ ಬಳಸುತ್ತಿದ್ದರು. ಪಟ್ಟಣದ ಸ್ನೇಹಿತರಿಗೆ ಇದನ್ನು ಹೇಳಿದರೆ ಬೆರಗಾಗುತ್ತಾರೆ. ಅದೇ ಹುಳಿ ಚಳಿಗೆ ಬಿರಿದ ಹಿಮ್ಮಡಿಗೆ ತಾಗಿದಾಗ ಏನಾಗುವುದೆಂದು ಅವರು ಕೇಳುವುದಿಲ್ಲ. ಕಡಲೆಹೊಲದಲ್ಲಿ ಬೆಳಗು ಕಳೆದ ಹೆಂಗಸರು ರಾತ್ರಿ ಹಿಮ್ಮಡಿಗೆ ಹರಳೆಣ್ಣೆ ಸವರಿಕೊಂಡು ಕೌದಿಯೊಳಗೆ ಕಾಲು ಮಡಚಿ ಮಲಗುತ್ತಿದ್ದುದನ್ನು ಕಂಡವನು ನಾನು. ಮಾಗಿಯ ಕಾವ್ಯವೆಲ್ಲ ಹೊದಿಕೆಯೊಳಗಿದ್ದವರು ಬರೆದದ್ದೇನೋ ಎಂಬ ಗುಮಾನಿ ಕನ್ನಡ ಪಾಠ ಹೇಳುತ್ತಿದ್ದ ಅಷ್ಟೂ ವರ್ಷ ನನ್ನನ್ನು ಬಿಡಲಿಲ್ಲ.

ಇನ್ನು ಇಬ್ಬನಿ ಶತ್ರುವಾಗುವ ಕೆಲಸಗಳು. ಹತ್ತಿಯನ್ನು ಹನಿ ಆರಿದ ಮೇಲೆಯೇ ಬಿಡಿಸಬೇಕು. ಒದ್ದೆಯ ಅರಳೆ ಗೂಡಿನಲ್ಲಿ ಕಾವೇರಿ ಬಣ್ಣಗೆಡುತ್ತದೆ. ಹಾನಗಲ್ಲಿನದು ಅರೆಮಲೆನಾಡು, ಕೆರೆಗಳ ಸೀಮೆ. ಅಲ್ಲಿ ಮುಂಗಾರಿಗೆ ಮುನ್ನವೇ ಕೂರಿಗೆಯಿಂದ ಒಣನೆಲದಲ್ಲಿ ಬಿತ್ತಿದ ಭತ್ತ ಚಳಿ ಹಿಡಿಯುವ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಕೊಯ್ದ ತೆನೆಯನ್ನು ಬಹಳ ದಿನ ಗದ್ದೆಯಲ್ಲಿ ಹರವಿ ಬಿಡುವಂತಿಲ್ಲ. ರಾತ್ರಿ ನೆನೆದು ಹಗಲು ಒಣಗಿ, ಮತ್ತೆ ನೆನೆದು ಮತ್ತೆ ಒಣಗಿದ ಕಾಳಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳು ಮೂಡುತ್ತವೆ. ಗಿರಣಿಗೆ ಹೋದಾಗ ಅಕ್ಕಿಯ ಬದಲು ನುಚ್ಚು ಬರುತ್ತದೆ. ಆದ್ದರಿಂದ ಸಿವುಡು ಕಟ್ಟಿ, ತೆನೆ ಒಳಗಾಗಿ ಬುಡ ಹೊರಗಾಗಿ ಬಣವೆ ಒಟ್ಟುವ ಅವಸರ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಕೆಡದೆ ಉಳಿದ ರಾಗಿಯನ್ನು ಗೆಲ್ಲಿಸಿದರು. ಕುಲದ ಹೆಮ್ಮೆಯನ್ನು ಕುರಿತ ಕಾವ್ಯವೆಂದು ನಾವು ಪಾಠ ಹೇಳುತ್ತೇವೆ, ಅದು ಸರಿಯೇ. ಕಾಳು ಕೆಡುವ ಬಗೆಯನ್ನು ಕಂಡವರ ನಾಡಿನಲ್ಲಿ ಆ ಕಥೆ ಹುಟ್ಟಿತೆಂಬುದನ್ನೂ ಸೇರಿಸಿ ಹೇಳಬಹುದು.

ಎಲ್ಲಕ್ಕಿಂತ ಹೆಚ್ಚು ಕಾಡಿಸುವುದು ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣವೇ ಬೆಲೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಹಣ್ಣಾದ ಕಾಯಿಯನ್ನು ಹಲವು ಸಲ ಬಿಡಿಸಿ ಕಣದಲ್ಲಿ ಹರವಿ ಹಲವು ದಿನ ಒಣಗಿಸಬೇಕು. ಸಂಜೆ ಹೊತ್ತು ಮುಳುಗುವ ಮುನ್ನ ರಾಶಿ ಮಾಡಿ ಮುಚ್ಚಬೇಕು, ಬೆಳಿಗ್ಗೆ ಹನಿ ಆರಿದ ಮೇಲೆ ಬಿಚ್ಚಿ ಮತ್ತೆ ಹರವಬೇಕು. ಒಂದು ಸಂಜೆ ಮೈಮರೆತರೆ ಕಾಯಿ ಬಿಳಿಚಿ ಮಚ್ಚೆಯಾಗುತ್ತದೆ. ಮಾರುಕಟ್ಟೆಯಲ್ಲಿ ಕೊಳ್ಳುವವನು ಒಂದು ಹಿಡಿ ಎತ್ತಿ ನೋಡಿ ದರ ಹೇಳುವಾಗ, ಆ ಒಂದು ಸಂಜೆಗೆ ಇಡೀ ವರ್ಷದ ಬಡ್ಡಿ ಕಟ್ಟಿದಂತಾಗುತ್ತದೆ. ಕಣ ಕಾಯಲು ಕಂಬಳಿ ಹೊದ್ದು ಅಲ್ಲಿಯೇ ಮಲಗುವವರು ಕಳ್ಳರಿಗಿಂತ ಹೆಚ್ಚು ಇಬ್ಬನಿಗೆ ಅಂಜುತ್ತಾರೆ. ಹಿಂದೆ ಇದೇ ಕಣದಲ್ಲಿ, ಮೇಟಿಯ ಸುತ್ತ ಎತ್ತು ಸುತ್ತಿಸುತ್ತ ರಾತ್ರಿಯೆಲ್ಲ ಹಂತಿಯ ಹಾಡು ಹಾಡುತ್ತಿದ್ದರು. ಹಾಡು ನಿದ್ದೆಯನ್ನು ದೂರವಿಡುತ್ತಿತ್ತು, ನಡೆಯುವ ಕಾಲು ಚಳಿಯನ್ನು.

ಚಳಿ ಹೊರಡದೆ ಕುಳಿತ ವರ್ಷ ಏನಾಗುತ್ತದೆ? ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆಂಬ ಮಾತುಂಟು. ಅದು ಎಲ್ಲ ವರ್ಷವೂ ಮಾತು ಉಳಿಸಿಕೊಳ್ಳುವುದಿಲ್ಲ. ಕಡಲೆಗೆ, ಗೋದಿಗೆ ನೀಳವಾದ ಚಳಿ ಹಿತ. ಕಾಳು ನಿಧಾನವಾಗಿ ತುಂಬಿ ತೂಕ ಬರುತ್ತದೆ. ಸವಣೂರಿನ ಎಲೆಬಳ್ಳಿಗೆ ಅಹಿತ. ಚಿಗುರು ಹಿಂದೆ ಬಿದ್ದು ಕೊಯ್ಲು ಕಡಿಮೆಯಾಗಿ ಎಲೆ ತುಟ್ಟಿಯಾಗುತ್ತದೆ. ಹಿಂಗಾರಿ ಜೋಳದ್ದು ಸೂಕ್ಷ್ಮ ಪ್ರಶ್ನೆ. ಉತ್ತರಿ, ಹಸ್ತ ಮಳೆಗಳ ಹದಕ್ಕೆ ಬಿತ್ತಿದ ಜೋಳ ಕಡುಚಳಿಗೆ ಮುನ್ನ ಹೂವಾಡಿರುತ್ತದೆ. ಮಳೆ ಬಿಡುವು ಕೊಡದೆ ಬಿತ್ತಿಗೆ ಹಿಂದೆ ಬಿದ್ದರೆ ಹೂವಾಡುವ ಹೊತ್ತೂ ಕಡುಚಳಿಯ ಹೊತ್ತೂ ಕೂಡಿಬರುತ್ತವೆ. ತೀರ ತಣ್ಣನೆಯ ರಾತ್ರಿಗಳಲ್ಲಿ ಪರಾಗ ಬಂಜೆಯಾಗಿ ತೆನೆ ಜೊಳ್ಳಾಗುತ್ತದೆ. ಜನವರಿಯಲ್ಲಿ ಕಂಡ ಜೊಳ್ಳಿಗೆ ಸೆಪ್ಟೆಂಬರಿನಲ್ಲಿಯೇ ಕಾರಣ ನಡೆದುಹೋಗಿರುತ್ತದೆ. ಆಮೇಲೆ ಉಳಿಯುವ ಕೆಲಸ ಎಡೆಕುಂಟೆ ಹೊಡೆಯುವುದು: ಎರೆಮಣ್ಣು ಒಣಗುತ್ತ ಬಾಯಿ ಬಿಡುತ್ತದೆ, ಆ ಬಿರುಕುಗಳಿಂದ ತೇವ ಹಾರುತ್ತದೆ, ಮೇಲಿನ ಮಣ್ಣನ್ನು ಸಡಿಲಿಸಿ ಬಿರುಕು ಮುಚ್ಚಿದರೆ ಒಳಗಿನ ಹಸಿ ಉಳಿಯುತ್ತದೆ. ಹಿಂಗಾರಿ ಜೋಳ ಬಹುಪಾಲು ಬದುಕುವುದು ಈ ಕೂಡಿಟ್ಟ ಹಸಿಯ ಮೇಲೆ. ಇಬ್ಬನಿ ಕುಡಿದೇ ಜೋಳ ಬೆಳೆಯುತ್ತದೆಂದು ಹಳಬರು ಹೇಳುವುದನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳಬೇಕು. ಇಬ್ಬನಿಯಿದ್ದಷ್ಟು ಹೊತ್ತು ಎಲೆಯ ಬಾಯಾರಿಕೆ ತಗ್ಗಿ ಹಸಿಯ ಖರ್ಚು ಕಡಿಮೆಯಾಗುತ್ತದೆ ಎಂಬಷ್ಟು ನಿಜ.

೧೯೯೭ರಲ್ಲಿ ಈ ತಾಲೂಕುಗಳು ಧಾರವಾಡದಿಂದ ಬೇರ್ಪಟ್ಟು ಹೊಸ ಹಾವೇರಿ ಜಿಲ್ಲೆಗೆ ಸೇರಿದವು. ಅದರ ಆಸುಪಾಸಿನ ದಶಕಗಳಲ್ಲಿಯೇ ಗೋವಿನಜೋಳ ಈ ಹೊಲಗಳನ್ನು ತುಂಬತೊಡಗಿತು. ಅದನ್ನು ಮುರಿಯಲು ಚುಕ್ಕಿ ನೋಡಿ ಏಳಬೇಕಿಲ್ಲ, ಯಂತ್ರ ಒಕ್ಕುತ್ತದೆ, ಕೊಳ್ಳುವವರಿದ್ದಾರೆ. ಒಕ್ಕಲಿಗನನ್ನು ಇದಕ್ಕಾಗಿ ದೂರುವುದು ನನ್ನಿಂದಾಗದು. ಪಿಂಚಣಿ ಉಣ್ಣುವವನು ಪರರ ಮುಳ್ಳಿನ ಬೆಳೆಗೆ ಹಂಬಲಿಸುವುದು ಸುಲಭ. ಆದರೂ ಕುಸುಬೆ ಅಪರೂಪವಾಯಿತು, ಅದರೊಡನೆ ಊರ ಗಾಣದ ಕುಸುಬೆ ಎಣ್ಣೆಯೂ ಹೋಯಿತು. ಮುಳ್ಳಿಲ್ಲದ ತಳಿಗಳು ಬಂದಿವೆ. ಅವು ಇನ್ನೂ ಮೊದಲೇ ಈ ಹೊಲಗಳಿಗೆ ತಲುಪಿದ್ದರೆ ಅನೇಕ ಹೆಂಗಸರ ಬೆರಳುಗಳು ಉಳಿಯುತ್ತಿದ್ದವು, ಬೆಳೆಯೂ ಪ್ರಾಯಶಃ ಉಳಿಯುತ್ತಿತ್ತು. ಕಡಲೆ ಮಾತ್ರ ಎರೆಯ ಹೊಲಗಳಲ್ಲಿ ಇಂದಿಗೂ ನಿಂತಿದೆ, ಅದನ್ನು ಕೀಳುವವರು ಇಂದಿಗೂ ನಸುಕಿನಲ್ಲಿಯೇ ಹೊರಡುತ್ತಾರೆ. ಈಗ ಕೆಲವರ ಕಾಲಲ್ಲಿ ರಬ್ಬರಿನ ಬೂಟುಗಳಿವೆ.